ಭಾವನ ಸೊಂಟಕ್ಕೊಂದು ಪಟ್ಟಿ

ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಓಡುವವರ ಸೊಂಟಪಟ್ಟಿಗೆ ಹೇಳಿದ ಬೆಲೆ ಹನ್ನೊಂದು ಕೆಳಮಡಿಕೆ.

ನಾನು ಎಲ್ಲವನ್ನೂ ಕೆಳಮಡಿಕೆಯಲ್ಲೇ ಲೆಕ್ಕ ಹಾಕುವುದು. ಪ್ಯಾಂಟಿನ ಕಾಲು ಉದ್ದವಾದರೆ ಕತ್ತರಿಸಿ, ಒಳಗೆ ಮಡಚಿ ಹೊಲಿದುಕೊಡುವುದು ನನ್ನ ಅಂಗಡಿಗೆ ಅತಿ ಹೆಚ್ಚು ಬರುವ ಕೆಲಸ. ಒಂದಕ್ಕೆ ಹದಿನೈದು ನಿಮಿಷ. ಮನೆ ಬಾಡಿಗೆ ಇಷ್ಟು ಕೆಳಮಡಿಕೆ, ಹಲ್ಲಿನ ಡಾಕ್ಟರು ಇಷ್ಟು ಕೆಳಮಡಿಕೆ ಎಂದುಕೊಂಡರೆ ಯಾವುದಕ್ಕೆ ಎಷ್ಟು ಬೆನ್ನು ಬಗ್ಗಿಸಬೇಕು ಎಂಬುದು ಸರಿಯಾಗಿ ತಿಳಿಯುತ್ತದೆ. ಆ ಪಟ್ಟಿಯೋ ನಾಲ್ಕು ಬೆರಳು ಅಗಲದ ಬಟ್ಟೆ, ಎರಡು ಜೇಬು, ಒಂದು ಕೊಂಡಿ. ಹನ್ನೊಂದು ಎಂದರೆ ಹೆಚ್ಚುಕಡಿಮೆ ಮೂರು ಗಂಟೆಯ ದುಡಿಮೆ. ನಾನೇ ಹೊಲಿದರೆ ಎರಡು ಜಿಪ್ಪಿಗೆ ಒಂದೂವರೆ, ಎಲಾಸ್ಟಿಕ್ಕಿಗೆ ಅರ್ಧ. ಬಟ್ಟೆ ಪುಕ್ಕಟೆ, ಯಾರೋ ಗಿಡ್ಡ ಮಾಡಿಸಿಕೊಂಡ ಈಜುಡುಗೆಯ ತುಂಡು ಡಬ್ಬದಲ್ಲಿ ಬಿದ್ದಿತ್ತು. ಎರಡು ಕೆಳಮಡಿಕೆಯಲ್ಲಿ ಮುಗಿಯುತ್ತದೆ ಎಂದು ಅಕ್ಕನಿಗೆ ಹೇಳಿದೆ. ಅಕ್ಕ, ಬೆಲೆ ಕಟ್ಟಿಕೊಂಡು ಏನಾಗಬೇಕು, ಅವರ ಮೈಯಿಂದ ಬಿದ್ದುಹೋಗದ ಹಾಗೆ ಇದ್ದರೆ ಸಾಕು ಎಂದಳು.

ಪಟ್ಟಿ ಬೇಕಾಗಿದ್ದು ಅಕ್ಕನ ಗಂಡನಿಗೆ. ಭಾವ ಮೂವತ್ತೊಂದು ವರ್ಷ ಟಪಾಲು ಹಂಚಿದವರು. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ದಿನಾ ಚುಚ್ಚಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಡಾಕ್ಟರು ನಡೆಯಿರಿ ಎಂದರು. ಇವರು ಒಂದು ವಾರ ನಡೆದು ಬಿಟ್ಟುಬಿಟ್ಟರು. ಜೀವನವಿಡೀ ನಡೆದದ್ದು ಸಂಬಳಕ್ಕೆ, ಈಗಲೂ ನಡೆದರೆ ಕಾಲುಗಳು ತಾವಾಗಿಯೇ ಪ್ರತಿ ಮನೆಯ ಗೇಟಿನ ಮುಂದೆ ನಿಲ್ಲುತ್ತವೆ ಎಂಬುದು ಅವರ ದೂರು. ಅದಕ್ಕೇ ಓಡಲು ಶುರುಮಾಡಿದರು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿಳಿ ಬೂಟು ಹಾಕಿಕೊಂಡು, ಬೆಳಿಗ್ಗೆ ಆರಕ್ಕೆ ಹೊರಟು ಆರು ಐವತ್ತಕ್ಕೆ ವಾಪಸು. ಅದನ್ನು ಓಟ ಎನ್ನುವುದು ದೊಡ್ಡ ಮಾತು. ನೋಡಿದವರಿಗೆ ಬಸ್ಸು ತಪ್ಪೀತೆಂದು ಅವಸರ ಮಾಡುವವರ ಹಾಗೆ ಕಾಣುತ್ತಿತ್ತು. ಆದರೆ ಹಿಂದಿರುಗಿ ಬರುವಾಗ ಅವರ ಮುಖದ ಮೇಲಿನ ಕಳೆ ಮೊದಲು ನಾವು ಯಾರೂ ಕಂಡದ್ದಲ್ಲ.

ಒಂದೇ ಹಟ. ಮೈಮೇಲೆ ಏನನ್ನೂ ಹೊರುವುದಿಲ್ಲ. "ಮೂವತ್ತೊಂದು ವರ್ಷ ಈ ಹೆಗಲ ಮೇಲೆ ಚೀಲ ಇತ್ತು. ಆ ಐವತ್ತು ನಿಮಿಷ ನನ್ನ ಪಾಡಿಗೆ ನನ್ನ ಬಿಟ್ಬಿಡಿ" ಎನ್ನುತ್ತಿದ್ದರು. ಬೀಗದ ಕೈಯನ್ನು ಮಾತ್ರ ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದೂ ಪಾದಕ್ಕೆ ಒತ್ತುತ್ತದೆಂದು ಗೊಣಗಾಟ.

ಹೀಗೆ ಖಾಲಿ ಕೈಯಲ್ಲಿ ಹೋದವರು ಒಂದು ದಿನ ಬ್ರೆಡ್ಡಿನ ಅಂಗಡಿಯ ಮುಂದೆ ಕುಸಿದರು. ಸಕ್ಕರೆ ಇಳಿದಿತ್ತು. ಅಂಗಡಿಯಾಕೆ ಗಟ್ಟಿಗಿತ್ತಿ, ಬೆವರು ನೋಡಿಯೇ ವಿಷಯ ತಿಳಿದು ಹಣ್ಣಿನ ರಸ ಕುಡಿಸಿದಳು. ಆದರೆ ಇವರು ಯಾರು, ಮನೆ ಎಲ್ಲಿ, ಯಾರಿಗೆ ತಿಳಿಸಬೇಕು ಎಂಬುದಕ್ಕೆ ಮೈಮೇಲೆ ಒಂದು ಚೀಟಿಯೂ ಇರಲಿಲ್ಲ. ಊರಿನ ಅರ್ಧ ಜನರ ವಿಳಾಸ ಬಾಯಿಪಾಠ ಇದ್ದ ಮನುಷ್ಯನಿಗೆ ಆ ಹೊತ್ತು ತನ್ನದೇ ನೆನಪಿಗೆ ಬರಲಿಲ್ಲ. ನಲವತ್ತು ನಿಮಿಷ ಅಕ್ಕ ಕಿಟಕಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದಳು.

ಆವತ್ತೇ ಅಕ್ಕ ಬಿಳಿ ಬೂಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಫೋನು, ಗ್ಲೂಕೋಸ್ ಬಿಲ್ಲೆ, ಹೆಸರು ಬರೆದ ಚೀಟಿ, ಬೀಗದ ಕೈ, ಈ ನಾಲ್ಕೂ ಮೈಮೇಲಿದ್ದರೆ ಬೂಟು ಹೊರಗೆ ಬರುತ್ತದೆ, ಇಲ್ಲವಾದರೆ ಇಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

ಭಾವ ಎಲ್ಲವನ್ನೂ ಮಾಡಿ ನೋಡಿದರು. ಫೋನನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡರೆ ಹೆಜ್ಜೆಗೊಂದು ಏಟು ತೊಡೆಗೆ. ಚಡ್ಡಿ ಒಂದು ಕಡೆಗೆ ಜಾರಿ ಮಾನ ಹೋಗುವ ಸ್ಥಿತಿ. ಕೈಯಲ್ಲಿ ಹಿಡಿದರೆ ಬೆರಳು ಜೋಮು. ತೋಳಿಗೆ ಕಟ್ಟುವ ಪಟ್ಟಿ ತಂದರು. ಅವರ ತೋಳು ಚೀಲ ಹೊತ್ತ ಹೆಗಲಿನಷ್ಟು ದಪ್ಪವಲ್ಲ, ಅದು ಜಾರಿ ಮೊಣಕೈಗೆ ಬಂದು ಕೂರುತ್ತಿತ್ತು. ಕೊನೆಗೆ ಒಂದು ದಿನ ಅಕ್ಕ ತನ್ನ ಸಂತೆಯ ಸೊಂಟದ ಚೀಲ ಕಟ್ಟಿ ಕಳಿಸಿದಳು. ಬಿಲ್ಲೆಗಳೆಲ್ಲ ಒಳಗೆ ಗಿಲಕಿಯ ಹಾಗೆ ಸದ್ದು ಮಾಡಿ ಬೀದಿನಾಯಿಗಳು ಹಿಂದೆ ಬಿದ್ದವಂತೆ. ಓಟ ಎಂದೂ ಅಷ್ಟು ಚುರುಕಾಗಿರಲಿಲ್ಲ ಎಂದು ಅವರೇ ನಕ್ಕರು. ಆಮೇಲೆ ಅಕ್ಕ ನನ್ನ ಹತ್ತಿರ ಬಂದಳು.

ನನ್ನ ಅಂಗಡಿ ಒಂಬತ್ತು ಅಡಿ ಅಗಲ. ಒಂದು ಪಕ್ಕ ಬೀಗ ರಿಪೇರಿಯವನು, ಇನ್ನೊಂದು ಪಕ್ಕ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ. ಒಳಗೆ ಎರಡು ಮಿಷನ್ನು, ಒಂದು ಉದ್ದ ಮೇಜು, ಪರದೆ ಕಟ್ಟಿದ ಮೂಲೆ, ಗಿರಾಕಿಗಳು ನಿಲ್ಲಲು ಒಂದು ಗಿಡ್ಡ ಪೀಠ. ಭಾವನನ್ನು ಪೀಠದ ಮೇಲೆ ನಿಲ್ಲಿಸಿ ಟೇಪು ಹಿಡಿದೆ. ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಯಾವ ಅಳತೆ ತೆಗೆದರೂ ಟೇಪಿನೊಳಗೆ ಎರಡು ಬೆರಳು ತೂರಿಸಿ ಅಷ್ಟು ಸಡಿಲ ಬಿಡುವುದು. ಮನುಷ್ಯ ಕೂರಬೇಕು, ಏಳಬೇಕು, ಊಟ ಮಾಡಬೇಕು. ಬಟ್ಟೆ ಅವನಿಗೆ ಜಾಗ ಬಿಡಬೇಕು. ಇಪ್ಪತ್ತಾರು ವರ್ಷದ ಅಭ್ಯಾಸ, ಬೆರಳು ತಾನಾಗಿಯೇ ಹೋಗುತ್ತದೆ. ಇಲ್ಲೂ ಹೋಯಿತು. ಪಟ್ಟಿ ಹೊಲಿದು ಕಟ್ಟಿ, ಇಲ್ಲೇ ಒಂದೆರಡು ಹೆಜ್ಜೆ ಓಡಿ ಭಾವಾ ಎಂದೆ. ಅವರು ಮೇಜಿಗೂ ಬಾಗಿಲಿಗೂ ನಡುವೆ ಕುಣಿದರು. ಆ ಎರಡು ಬೆರಳಿನ ಸಡಿಲ ಫೋನಿಗೆ ಉಯ್ಯಾಲೆಯಾಯಿತು. ಪಟ್ಟಿ ಸುತ್ತಿ ಸುತ್ತಿ ಹಿಂದಿದ್ದ ಫೋನು ಹೊಟ್ಟೆಯ ಮೇಲೆ ಬಂತು. ಬೀಗದವನು ಬಾಗಿಲಲ್ಲಿ ನಿಂತು, ಮಾಸ್ತರಮ್ಮ, ಒಳಗೆ ಮಗು ಇದೆಯಾ ಎಂದು ಕೇಳಿದ.

ಬಿಚ್ಚಿದೆ. ಓಡುವ ಮೈಗೆ ಸಡಿಲ ಬಿಡಬಾರದು, ಎರಡು ಬೆರಳು ಬಿಗಿಯೇ ಮಾಡಬೇಕು ಎಂಬುದನ್ನು ಅಲ್ಲಿ ಕಲಿತೆ. ಎರಡನೆಯ ಪಟ್ಟಿಯನ್ನು ಸೊಂಟಕ್ಕಿಂತ ಸಣ್ಣದಾಗಿ ಕತ್ತರಿಸಿ, ಎಳೆದು ಕಟ್ಟಿಕೊಳ್ಳುವ ಹಾಗೆ ಮಾಡಿದೆ. ಹಿಂದೆ ಸೊಂಟದ ತಗ್ಗಿನಲ್ಲಿ ಫೋನಿನ ಜೇಬು, ಮುಂದೆ ಬಿಲ್ಲೆಗೆ ಜೇಬು, ಅದರೊಳಗೆ ಬೀಗದ ಕೈ ಸದ್ದು ಮಾಡದ ಹಾಗೆ ಸಣ್ಣ ಗೂಡು, ಒಳಬದಿಗೆ ಹೆಸರಿನ ಚೀಟಿ. ಇಷ್ಟಕ್ಕೆ ನಿಲ್ಲಿಸಬಹುದಿತ್ತು.

ನಿಲ್ಲಿಸಲಿಲ್ಲ. ನನ್ನ ಕೆಲಸದಲ್ಲಿ ನನಗೊಂದು ಜಂಬವಿದೆ, ಅದು ಜಿಪ್ಪು. ಹಲ್ಲು ಕಾಣದ ಹಾಗೆ, ಹೊಲಿಗೆ ಕಾಣದ ಹಾಗೆ, ಬಟ್ಟೆಯ ಎರಡು ತುಟಿ ಕೂಡಿ ಮುಚ್ಚಿಕೊಳ್ಳುವ ಹಾಗೆ ಜಿಪ್ಪು ಕೂರಿಸುವುದರಲ್ಲಿ ಈ ಬೀದಿಯಲ್ಲಿ ನನ್ನ ಸಮ ಯಾರೂ ಇಲ್ಲ. ಮದುವಣಗಿತ್ತಿಯರ ತಾಯಂದಿರು ದೂರದಿಂದ ಬರುವುದು ಅದಕ್ಕೇ. ಇಡೀ ಒಂದು ಮಧ್ಯಾಹ್ನ ಕೂತು ಆ ಎರಡು ಜೇಬಿಗೂ ಅಂಥ ಜಿಪ್ಪು ಹಾಕಿದೆ. ಎಳೆಯುವ ನಾಲಿಗೆ ಹೊರಗೆ ಇಣುಕುತ್ತಿತ್ತು, ಅದನ್ನೂ ಕತ್ತರಿಸಿ ಕಾಳಿನಷ್ಟು ಮಾಡಿ ಮಡಿಕೆಯೊಳಗೆ ಅಡಗಿಸಿದೆ. ಮೇಜಿನ ಮೇಲಿಟ್ಟು ಎಳೆದು ನೋಡಿದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತಿತ್ತು. ಅಕ್ಕ ಪಟ್ಟಿಯನ್ನು ತಿರುಗಿಸಿ ಮಗುಚಿ, ಬಾಯಿ ಎಲ್ಲಿದೆಯೇ ಇದಕ್ಕೆ ಎಂದಳು. ಭಾವ, ಕಳ್ಳನೂ ಹುಡುಕಲಾರ ಎಂದು ಮೆಚ್ಚಿದರು. ನಾನು ಹಿಗ್ಗಿದೆ.

ಮೂರು ವಾರ ಯಾವ ತಂಟೆಯೂ ಇಲ್ಲ. ಬೀರು ತೆರೆಯಿತು, ಬೂಟು ಹೊರಬಂತು. ಬೆಳಿಗ್ಗೆ ಮೇಜಿನ ಮೇಲೆ ಪಟ್ಟಿ ಹಾಸಿ ಅಕ್ಕ ಒಂದೊಂದನ್ನೇ ತುಂಬುವಳು, ಭಾವ ಎಳೆದು ಕಟ್ಟಿಕೊಳ್ಳುವರು. ವಾಪಸು ಬಂದ ಮೇಲೆ ಬಿಚ್ಚಿ, ಅದೇ ಮೇಜಿನ ಮೇಲೆ ಎಲ್ಲವನ್ನೂ ತೆಗೆದಿಡುವರು. ಓಡುವಾಗ ಅದರ ಅರಿವೇ ಆಗುವುದಿಲ್ಲ ಎಂದರು. ಅಂಗಡಿಗೆ ಬಂದವರಿಗೆಲ್ಲ ನಾನು ಆ ಮಾತನ್ನು ಹೇಳಿದ್ದೇ ಹೇಳಿದ್ದು. ಇನ್ನಿಬ್ಬರು ತಮಗೂ ಬೇಕೆಂದರು.

ಅರಿವೇ ಆಗದ ಸುಖದಲ್ಲಿ ಭಾವ ಓಟ ಬೆಳೆಸಿದರು. ಮೊದಲು ನದಿಯ ಸೇತುವೆಯವರೆಗೆ ಹೋಗಿ ತಿರುಗುತ್ತಿದ್ದವರು ಒಂದು ದಿನ ಸೇತುವೆ ದಾಟಿದರು. ಹೊರಡುವ ಮುಂಚೆ ತಿಂದದ್ದು ಎಂದಿನಂತೆ ಒಂದೇ ಹೋಳು ಬ್ರೆಡ್ಡು.

ಆ ಕಡೆಯ ದಂಡೆಯಲ್ಲಿ ಬೀದಿ ಗುಡಿಸುವ ಹೆಂಗಸೊಬ್ಬಳು ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಸದ ಗಾಡಿ ತಳ್ಳುತ್ತಿದ್ದಳು. ಎಲ್ಲ ಮುಗಿದು ಎಷ್ಟೋ ದಿನದ ಮೇಲೆ ಆಕೆ ನನಗೆ ಹೇಳಿದ್ದು ಇಷ್ಟು. ರಸ್ತೆಯಂಚಿನಲ್ಲಿ ಒಬ್ಬ ಮುದುಕಪ್ಪ ಕೂತಿದ್ದ. ಎರಡೂ ಕೈಯಲ್ಲಿ ಸೊಂಟವನ್ನು ಸುತ್ತಲೂ ತಡವುತ್ತಿದ್ದ, ಚಿಗಟ ಹುಡುಕುವವನ ಹಾಗೆ. ಬೆಳಿಗ್ಗೆ ಬೆಳಿಗ್ಗೆಯೇ ಏರಿಸಿದ್ದಾನೆ ಎಂದುಕೊಂಡು ದಾಟಿ ಹೋದಳು. ಹಿಂದಿನಿಂದ ಫೋನು ಹೊಡೆದುಕೊಂಡಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಎತ್ತಪ್ಪ, ಯಾರೋ ಪಾಪ ಅಷ್ಟು ಸಲ ಕರೀತಿದ್ದಾರೆ ಎಂದು ತಿರುಗಿ ಹೇಳಿದಳು. ಆತ ಮುಖ ಎತ್ತಿದಾಗ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಕೈ ಗಡಗಡ ನಡುಗುತ್ತಿತ್ತು.

"ಬಾಗಿಲು ಸಿಗ್ತಿಲ್ಲ" ಎಂದ.

ಯಾವ ಬಾಗಿಲು ಎಂದು ಆಕೆಗೆ ಅರ್ಥವಾಗಲಿಲ್ಲ. ಫೋನು ಸದ್ದು ಮಾಡುತ್ತಿದ್ದದ್ದು ಸೊಂಟದೊಳಗಿನಿಂದ. ಆಕೆಯೂ ಬೆರಳಾಡಿಸಿ ನೋಡಿದಳು, ಬಾಯಿ ಸಿಗಲಿಲ್ಲ. ರಟ್ಟಿನ ಕಟ್ಟುಗಳ ದಾರ ಕತ್ತರಿಸಲು ಕೋಟಿನಲ್ಲಿ ಒಂದು ಬ್ಲೇಡು ಇಟ್ಟುಕೊಂಡಿದ್ದಳು. ಅದನ್ನು ತೆಗೆದು ಪಟ್ಟಿಯನ್ನು ಸೀಳಿದಳು. ಫೋನು ಹೊರಬಂತು. ಆರು ಐವತ್ತು ದಾಟಿದ್ದಕ್ಕೆ ಕರೆಯುತ್ತಿದ್ದ ಅಕ್ಕ ಆ ಕಡೆಯಿಂದ ಯಾರು ಏನು ಎಂದು ಕೇಳುತ್ತ ಕೂರಲಿಲ್ಲ. ಮುಂದಿನ ಜೇಬಲ್ಲಿ ಬಿಳಿ ಬಿಲ್ಲೆ ಇದೆ, ನಾಲ್ಕು ಬಾಯಿಗೆ ಹಾಕಿ, ಅಗಿಯೋಕೆ ಹೇಳಿ ಎಂದಳು. ಹೆಂಗಸು ಮುಂದಿನದನ್ನೂ ಸೀಳಿದಳು.

ಅಕ್ಕ ಟ್ಯಾಕ್ಸಿಯಲ್ಲಿ ಹೋಗಿ ತಲುಪುವ ಹೊತ್ತಿಗೆ ಭಾವ ಕಸದ ಗಾಡಿಗೆ ಒರಗಿ ಕೂತಿದ್ದರು. ಮೊದಲು ಆಡಿದ ಪೂರ್ತಿ ಮಾತು, ಇದು ನನ್ನ ನಾದಿನಿ ಹೊಲಿದದ್ದು, ಹರಿದುಹಾಕಿದಿರಲ್ಲ ಎಂಬುದಂತೆ. ಹೆಂಗಸು, ಬದುಕಿಕೊಂಡ ಕೂಡಲೇ ಜಗಳ ತೆಗೀತಾನೆ ನೋಡಿ ನಿಮ್ಮ ಯಜಮಾನ ಎಂದು ಅಕ್ಕನ ಕೈ ಹಿಡಿದು ನಕ್ಕಳಂತೆ. ಅಕ್ಕನಿಗೆ ನಗು ಬರಲಿಲ್ಲ.

ಮಾರನೆಯ ದಿನ ಅಕ್ಕ ಒಬ್ಬಳೇ ಅಂಗಡಿಗೆ ಬಂದಳು. ಕಾಗದದ ಚೀಲದಲ್ಲಿ ಪಟ್ಟಿ ಇತ್ತು. ರಿಪೇರಿಗಲ್ಲ, ವಾಪಸು ಕೊಡೋಕೆ ಎಂದಳು. ಬೂಟನ್ನು ಈ ಸಲ ಬೀರುವಿನಲ್ಲೂ ಇಟ್ಟಿಲ್ಲ, ಯಾರಿಗಾದರೂ ಕೊಟ್ಟುಬಿಡುವುದಕ್ಕೆ ಬಾಗಿಲ ಹತ್ತಿರ ಕಟ್ಟಿಟ್ಟಿದ್ದಾಳೆ. ಭಾವ ಅಕ್ಕನಿಗೆ ಹೇಳಿದ ಕಾರಣ ಬೇರೆಯೇ. ಕಾಲು ಸೋತದ್ದು ಗೊತ್ತಾಗಿತ್ತು, ಬಿಲ್ಲೆ ತಿನ್ನಲು ತಾನೇ ಅಸಡ್ಡೆ ಮಾಡಿದೆ, ಇನ್ನೊಂದು ಸ್ವಲ್ಪ ಓಡಿ ಆಮೇಲೆ ತಿಂದರಾಯಿತು ಅಂದುಕೊಂಡೆ ಎಂದಿದ್ದರು. ಜೇಬಲ್ಲಿ ಇಟ್ಟುಕೊಂಡೂ ತಿನ್ನದ ಮನುಷ್ಯನನ್ನು ನಂಬಿ ಹೇಗೆ ಕಳಿಸಲಿ, ನೀನು ಚಿನ್ನದ ಪಟ್ಟಿ ಹೊಲಿದುಕೊಟ್ಟರೂ ಅಷ್ಟೆ ಎಂದು ಅಕ್ಕ ಹೊರಟುಹೋದಳು.

ಅವಳು ಹೋದ ಮೇಲೆ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದೆ. ಎರಡು ಸೀಳು. ಎರಡೂ ಜಿಪ್ಪಿನಿಂದ ಒಂದು ಬೆರಳು ಕೆಳಗೆ, ಗಟ್ಟಿ ಬಟ್ಟೆಯ ನಡುವೆ. ಜಿಪ್ಪಿಗೆ ಒಂದು ಗೀರೂ ಬಿದ್ದಿರಲಿಲ್ಲ. ನಡುಗದ ಕೈಯ, ಕಣ್ಣು ನೆಟ್ಟಗಿದ್ದ ಹೆಂಗಸಿಗೂ ಅದು ಕಂಡಿರಲಿಲ್ಲ. ಎರಡು ಸೀಳನ್ನೂ ಒಳಗಿನಿಂದ ಹೊಲಿದು, ಪಟ್ಟಿಯನ್ನು ನನ್ನ ಸೊಂಟಕ್ಕೆ ಎಳೆದು ಕಟ್ಟಿಕೊಂಡು ಜಿಪ್ಪು ಹುಡುಕಿದೆ. ಮೇಜಿನ ಮೇಲೆ ಬೆಣ್ಣೆಯ ಹಾಗಿದ್ದದ್ದು ಸೊಂಟದ ಮೇಲೆ ಹಿಗ್ಗಿದಾಗ ಎರಡು ತುಟಿಯನ್ನೂ ಬಿಗಿದುಕೊಂಡು ಕಲ್ಲಾಗಿತ್ತು. ಕಾಳಿನಷ್ಟು ನಾಲಿಗೆ ಮಡಿಕೆಯ ಒಳಗೆಲ್ಲೋ ಹುಗಿದುಹೋಗಿತ್ತು. ಹೊಲಿದವಳಿಗೇ ಉಗುರು ತೂರಿಸಿ ಹೊರಗೆ ಎಳೆಯಲು ಅರ್ಧ ನಿಮಿಷ ಬೇಕಾಯಿತು. ಅದನ್ನು ಯಾರ ಮೈಮೇಲೂ ತೆರೆದು ನೋಡಿರಲಿಲ್ಲ ನಾನು. ಬಟ್ಟೆ ಮೇಜಿನ ಮೇಲೆ ಚೆನ್ನಾಗಿ ಕಂಡರೆ ಮುಗಿಯಿತು ಎಂಬ ಧಿಮಾಕು.

ಹೇಳಬೇಕಿತ್ತು. ಎರಡು ದಿನ ಹೇಳಲಿಲ್ಲ. ಯಾಕೆಂದರೆ ಅಕ್ಕನ ಕೋಪ ನನಗೆ ಗೊತ್ತು. ಅಮ್ಮ ತೀರಿಕೊಂಡ ವರ್ಷ ಅವಳ ಉಣ್ಣೆಯ ಕೋಟನ್ನು ನಾನು ಅಕ್ಕನನ್ನು ಕೇಳದೆ ನನ್ನ ಅಳತೆಗೆ ಕತ್ತರಿಸಿಕೊಂಡಿದ್ದೆ. ಅಕ್ಕ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಎರಡು ಮನೆಯ ನಡುವೆ ಸುದ್ದಿ ಸಾಗಿಸಿದ್ದು ಭಾವನೇ. ಇಬ್ಬರೂ ಅಂಚೆಚೀಟಿ ಹಚ್ಚದೆ ಬರೀತೀರಲ್ಲ ಎಂದು ಆಗಲೂ ತಮಾಷೆ ಮಾಡುತ್ತಿದ್ದರು. ಒಂದು ಕೋಟಿಗೇ ಒಂದು ವರ್ಷವಾದರೆ ಗಂಡನಿಗೆ ಎಷ್ಟು ಎಂದು ನನ್ನ ಲೆಕ್ಕ ನಡೆಯಿತು.

ಮೂರನೆಯ ದಿನ ಹನ್ನೊಂದು ಗಂಟೆಗೆ ಭಾವನೇ ಬಂದರು. ನಡೆದುಕೊಂಡು, ಕೈಯಲ್ಲಿ ಹಾಲಿನ ಚೀಲ. ಗಿಡ್ಡ ಪೀಠದ ಮೇಲೆ ಕೂತರು. ಮೂರೇ ದಿನದಲ್ಲಿ ಮುಖದ ಆ ಕಳೆ ಇಳಿದುಹೋಗಿತ್ತು. ನಿವೃತ್ತಿಯಾದ ಹೊಸತರಲ್ಲಿ ಇದ್ದ ಹಾಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ನಾನು ಮಿಷನ್ನು ನಿಲ್ಲಿಸಿ, ಜಿಪ್ಪು ಸಿಗಲಿಲ್ಲ ಅಲ್ವಾ ಎಂದು ನೇರವಾಗಿ ಕೇಳಿದೆ. ಅವರು ಹಾಲಿನ ಚೀಲದ ಹಿಡಿಯನ್ನೇ ತಿರುಚುತ್ತಿದ್ದರು.

"ಮೂರು ಸಲ ಕೈ ಹಾಕ್ದೆ. ಎಲ್ಲಾ ಕಡೆ ಗೋಡೆ ಇದ್ದ ಹಾಗಿತ್ತು" ಎಂದರು.

"ಮತ್ತೆ ಅಕ್ಕನ ಹತ್ರ ಯಾಕೆ ಬೇರೆ ಹೇಳಿದ್ರಿ?"

"ಓಟ ಹೋದ್ರೆ ಹೋಗ್ಲಿ ಪುಟ್ಟಿ. ನೀವಿಬ್ಬರೂ ಇನ್ನೊಂದು ವರ್ಷ ಮಾತು ಬಿಟ್ರೆ ಟಪಾಲು ಹಂಚೋಕೆ ನಂಗೆ ಈಗ ಶಕ್ತಿ ಇಲ್ಲ."

ಹೇಳಿ ನಕ್ಕರು. ಎದ್ದುಹೋಗುವಾಗ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮೂರು ವಾರ ಚೆನ್ನಾಗಿತ್ತು, ಆ ಸೇತುವೆಯ ಮೇಲೆ ಗಾಳಿ ಎಷ್ಟು ಚೆನ್ನಾಗಿ ಬೀಸುತ್ತದೆ ಗೊತ್ತಾ ಎಂದರು. ಆ ಮಾತು ನನ್ನನ್ನು ಇರಿದಷ್ಟು ಅಕ್ಕನ ಯಾವ ಬೈಗುಳವೂ ಇರಿಯಲಾರದು. ತನ್ನದೆಂದು ಇದ್ದ ಐವತ್ತು ನಿಮಿಷವನ್ನು ಆ ಮನುಷ್ಯ ನನ್ನ ಮರ್ಯಾದೆಗೆ ಕೊಟ್ಟು ಹಾಲು ತರಲು ಹೋಗುತ್ತಿದ್ದರು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದೆ. ಸೀಳು ಹೊಲಿದ ಪಟ್ಟಿಯನ್ನು ಜೊತೆಗೆ ತೆಗೆದುಕೊಂಡಿದ್ದೆ. ಬಾಗಿಲ ಹತ್ತಿರ ಬೂಟಿನ ಗಂಟು ಇನ್ನೂ ಇತ್ತು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಭಾವ ಪತ್ರಿಕೆ ಹಿಡಿದು ಕೂತವರು ನನ್ನ ಕೈಯಲ್ಲಿದ್ದದ್ದನ್ನು ನೋಡಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ಮಾತಿನಲ್ಲಿ ಹೇಳಿದರೆ ನಾನು ಅರ್ಧ ನುಂಗಿ ಅರ್ಧ ಹೇಳುತ್ತೇನೆಂದು ನನಗೇ ಗೊತ್ತಿತ್ತು. ಅಕ್ಕನ ಸೊಂಟಕ್ಕೆ ಪಟ್ಟಿ ಕಟ್ಟಿದೆ. ಒಲೆಯಿಂದ ಬಿಸಿ ತಟ್ಟೆ ತೆಗೆಯಲು ಅವಳು ಹಾಕಿಕೊಳ್ಳುವ ದಪ್ಪ ಕೈಗವಸುಗಳು ಗೋಡೆಗೆ ನೇತಾಡುತ್ತಿದ್ದವು. ಅವನ್ನು ಅವಳ ಎರಡೂ ಕೈಗೆ ತೊಡಿಸಿ, ಕಣ್ಣು ಮುಚ್ಚು ಎಂದೆ.

"ಏನೇ ಇದು ಆಟ?"

"ಮುಂದಿನ ಜೇಬಿಂದ ಬಿಲ್ಲೆ ತೆಗಿ ಅಕ್ಕಾ. ನಿನ್ನ ಕೈ ನಡುಗ್ತಿದೆ, ತಲೆ ತಿರುಗ್ತಿದೆ ಅಂದ್ಕೋ."

ಅವಳು ತಡಕಿದಳು. ನಾನು ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತರವರೆಗೆ ಗೊಣಗಿದಳು. ನಲವತ್ತರ ಹೊತ್ತಿಗೆ ಗೊಣಗುವುದನ್ನು ಬಿಟ್ಟಳು. ಅರವತ್ತಾದಾಗ ಕೈಗಳು ನಿಂತವು. ಕಣ್ಣು ತೆರೆದು ಮೊದಲು ನೋಡಿದ್ದು ನನ್ನನ್ನಲ್ಲ, ಗಂಡನನ್ನು.

"ಸುಳ್ಳು ಹೇಳಿದ್ರಿ" ಎಂದಳು.

ಭಾವ ಪತ್ರಿಕೆಯನ್ನು ಮಡಚಿದರು, ಮತ್ತೆ ಮಡಚಿದರು. ತಪ್ಪು ನನ್ನದು, ಬಾಯಿ ಕಾಣಬಾರದೆಂದು ಕೂತು ಹೊಲಿದವಳು ನಾನು, ಅಸಡ್ಡೆ ಅವರದಲ್ಲ, ಮೂರು ಸಲ ಕೈ ಹಾಕಿದ್ದರು ಎಂದು ನಾನು ಹೇಳಿದೆ. ಅಕ್ಕ ಕೈಗವಸುಗಳನ್ನು ಬಿಚ್ಚಿ ಅವುಗಳ ಜಾಗಕ್ಕೇ ನೇತುಹಾಕಿದಳು. ಆಮೇಲೆ ತಿರುಗಿದಳು.

"ಅವರು ರಸ್ತೇಲಿ ಕೂತು ನಡುಗ್ತಾ ಇರೋವಾಗ ನಿನ್ನ ಹೊಲಿಗೆ ಚೆಂದ ಇರ್ಬೇಕಿತ್ತಾ?"

ನಿಂತು ಕೇಳಿಸಿಕೊಂಡೆ. ಇನ್ನೂ ಅಂದಳು, ಅಮ್ಮನ ಕೋಟೂ ಬಂತು. ಅಂದು ಮುಗಿದ ಮೇಲೆ ಹಳೆಯ ಡ್ರಾಯರ್ ಎಳೆದು, ಗುಂಡಿ ದಾರ ಬೋಲ್ಟುಗಳ ನಡುವೆ ಕೆದಕಿ, ಪರದೆ ಕಟ್ಟುವ ಕೆಂಪು ಪ್ಲಾಸ್ಟಿಕ್ ಉಂಗುರ ಒಂದನ್ನು ತೆಗೆದು ಮೇಜಿನ ಮೇಲೆ ಎಸೆದಳು. ಹೆಬ್ಬೆರಳು ಸಲೀಸಾಗಿ ತೂರುವಷ್ಟು ದೊಡ್ಡದು.

"ಇದನ್ನ ಹಾಕು. ಹೊರಗೆ, ಮುಂದೆ. ಬೀದಿಯವರಿಗೆಲ್ಲ ಕಾಣ್ಲಿ."

ಅಲ್ಲಿಗೆ ಅವಳು ನನ್ನ ಜೊತೆ ಮಾತು ಬಿಟ್ಟಳು.

ಮೂರನೆಯ ಪಟ್ಟಿಯನ್ನು ಒಂದು ಗಂಟೆಯಲ್ಲಿ ಹೊಲಿದೆ. ಜಿಪ್ಪೇ ಇಲ್ಲ. ಬಿಲ್ಲೆಯ ಜೇಬಿಗೆ ವೆಲ್ಕ್ರೋ ಅಂಟು ಪಟ್ಟಿಯ ಮುಚ್ಚಳ, ಅದಕ್ಕೆ ಕೆಂಪು ಉಂಗುರ. ಹಿಡಿದು ಎಳೆದರೆ ಬರ್ ಎಂದು ತೆರೆದುಕೊಳ್ಳಬೇಕು. ಫೋನನ್ನು ಹಿಂದಿನಿಂದ ಪಕ್ಕಕ್ಕೆ ತಂದು, ಬಾಯಿಗೆ ಬಿಗಿ ಎಲಾಸ್ಟಿಕ್ ಮಾತ್ರ ಬಿಟ್ಟೆ. ಹೆಸರಿನ ಚೀಟಿಯನ್ನು ಒಳಬದಿಯಿಂದ ಕಿತ್ತು ಹೊರಗೆ ಹಾಕಿದೆ, ದೊಡ್ಡ ಅಕ್ಷರದಲ್ಲಿ. ಹೊಲಿಗೆಗಳೆಲ್ಲ ಮೇಲೆಯೇ ಎದ್ದು ಕಾಣುತ್ತಿದ್ದವು. ಅಷ್ಟು ಕುರೂಪಿ ವಸ್ತುವನ್ನು ನಾನು ಕಲಿಯುವ ಕಾಲದಲ್ಲೂ ಹೊಲಿದಿರಲಿಲ್ಲ. ಬೀಗದವನು ನೋಡಿ, ಇದೇನು ಎತ್ತಿನ ಮೂಗಿಗಾ ಎಂದ. ಸುಮ್ಮನೆ ಇಲ್ಲಿ ಬಾ ಎಂದು ಅವನ ಸೊಂಟಕ್ಕೇ ಕಟ್ಟಿ, ಅವನು ಬೆಸುಗೆಗೆ ಹಾಕುವ ಚರ್ಮದ ಕೈಗವಸು ತೊಡಿಸಿ ಕಣ್ಣು ಮುಚ್ಚಿಸಿದೆ. ನಾಲ್ಕು ಎಣಿಸುವಷ್ಟರಲ್ಲಿ ಬಿಲ್ಲೆ ಅವನ ಬಾಯಲ್ಲಿತ್ತು. ಇನ್ನೊಂದು ಸಲ ನೋಡೋಣ್ವಾ ಎಂದು ಎರಡನೆಯದನ್ನೂ ತಿಂದ.

ಪಟ್ಟಿಯನ್ನು ಭಾವನ ಕೈಯಲ್ಲಿ ಕಳಿಸಿದೆ. ಅಕ್ಕ ಮನೆಯಲ್ಲಿ ತಾನೂ ಕೈಗವಸು ಹಾಕಿಕೊಂಡು ತೆಗೆದು ನೋಡಿದಳಂತೆ, ಗಂಡನಿಂದಲೂ ಹತ್ತು ಸಲ ತೆಗೆಸಿದಳಂತೆ. ಮಂಗಳವಾರ ಬೂಟಿನ ಗಂಟು ಬಿಚ್ಚಿತು. ಬ್ರೆಡ್ಡು ಎರಡು ಹೋಳಾಯಿತು, ಅದು ಡಾಕ್ಟರು ಹೇಳಿದ್ದು. ನನ್ನ ಜೊತೆ ಮಾತಿಲ್ಲ. ಅವಳ ಹಸಿರು ಲಂಗದ ಕೆಳಮಡಿಕೆ ಬಿಚ್ಚಿಹೋಗಿದೆ ಎಂಬ ಸುದ್ದಿಯೂ ಭಾವನ ಮೂಲಕವೇ ಬಂತು. ಅಂಚೆಚೀಟಿ ಹಚ್ಚಿಲ್ಲ, ದಂಡ ಕಟ್ಟಬೇಕು ಎಂದು ಭಾವ ಕೈ ಚಾಚಿದರು.

ಆ ಗುಡಿಸುವ ಹೆಂಗಸನ್ನು ಹುಡುಕಿಕೊಂಡು ನಾನು ಸೇತುವೆಯ ಆಚೆ ಹೋದೆ. ಏನು ಬೇಕು ಕೇಳಿ ಎಂದೆ. ಆಕೆ, ಕೋಟಿನ ಬಲಗಡೆ ಬ್ಲೇಡಿಗೆ ಒಂದು ಜೇಬು, ಈಗಿರುವುದು ತೂತಾಗಿ ಬ್ಲೇಡು ಒಳಪದರಕ್ಕೆ ಬೀಳುತ್ತದೆ, ಆವತ್ತೂ ಹುಡುಕಬೇಕಾಯಿತು ಎಂದಳು. ಅಲ್ಲೇ ಗಾಡಿಯ ಪಕ್ಕದಲ್ಲಿ ಕೂತು ಕೈಹೊಲಿಗೆಯಲ್ಲಿ ಹಾಕಿಕೊಟ್ಟೆ. ದಪ್ಪ ಬಿಳಿ ದಾರದಲ್ಲಿ, ಬಾಯಿ ಅಗಲವಾಗಿ. ಹೊರಡುವಾಗ, ಆ ಮುದುಕಪ್ಪ ಈಗ ಓಡ್ತಾನಾ ಎಂದು ಕೇಳಿದಳು. ಓಡುತ್ತಾರೆ, ಆದರೆ ಈ ಕಡೆ ಬರುವುದಿಲ್ಲ, ಸೇತುವೆಯ ನಡುವಿನವರೆಗೆ ಮಾತ್ರ ಅಪ್ಪಣೆ ಎಂದೆ.

ಹತ್ತೊಂಬತ್ತನೆಯ ದಿನ ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತಳು. ಹಸಿರು ಲಂಗವನ್ನು ಮೇಜಿನ ಮೇಲೆ ಇಟ್ಟು, ಎಷ್ಟಾಗುತ್ತದೆ ಎಂದು ಗಿರಾಕಿಯ ಹಾಗೆ ಕೇಳಿದಳು. ಒಂದು ಎಂದೆ. ಹೊಲಿಗೆ ಕಾಣದ ಹಾಗೆ ಹಾಕು ಎಂದು ಹೇಳಿ, ಪೀಠ ಎಳೆದುಕೊಂಡು ಕೂತಳು.

ಈಗ ಲೆಕ್ಕ ಮುಗಿಸುತ್ತೇನೆ. ಮೂರು ಪಟ್ಟಿ, ಎರಡು ಜಿಪ್ಪು, ಎಲಾಸ್ಟಿಕ್ಕು, ಅಂಟು ಪಟ್ಟಿ, ನನ್ನ ಮಧ್ಯಾಹ್ನಗಳು, ಟ್ಯಾಕ್ಸಿ ಎಲ್ಲ ಸೇರಿ ಇಪ್ಪತ್ತೆರಡು ಕೆಳಮಡಿಕೆ. ಅಂಗಡಿಯದರ ಸರಿಯಾಗಿ ಎರಡರಷ್ಟು. ಅದರ ಜೊತೆಗೆ ಅಕ್ಕನ ಹತ್ತೊಂಬತ್ತು ದಿನದ ಮಾತು ಹೋಯಿತು. ಭಾವ ವಾರಕ್ಕೆ ನಾಲ್ಕು ದಿನ ಓಡುತ್ತಾರೆ, ಆರು ಐವತ್ತಕ್ಕೆ ಮನೆಯಲ್ಲಿರುತ್ತಾರೆ.